ಗೀರು ಹಾಕದೆ ಬಿಚ್ಚಿದ ಲೆನ್ಸು

ಆ ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಇಬ್ಬರು ಹೆಂಗಸರು ಮೂರು ವರ್ಷ ಮಾತು ಬಿಡಲು ಅಷ್ಟೇ ಸಾಕಾಗಿತ್ತು.

ಕ್ಯಾಮೆರಾ, ಲೆನ್ಸು ಮಾರುವ, ಕೆಟ್ಟರೆ ರಿಪೇರಿಯನ್ನೂ ಮಾಡಿಕೊಡುವ ಉದ್ದನೆಯ ಇಕ್ಕಟ್ಟಾದ ಅಂಗಡಿ ಅದು. ಬೀದಿಯ ಕಡೆಯ ಕಿಟಕಿಯ ಕೆಳಗೆ, ಗೋಡೆಗೆ ಎರಡು ಬೋಲ್ಟು ಹಾಕಿ ಬಿಗಿದ ರಿಪೇರಿ ಮೇಜು. ಆ ಮೇಜು ಅತ್ತಿಗೆಯದು. ಅಲ್ಲಿಂದ ಹನ್ನೆರಡು ಹೆಜ್ಜೆ ಒಳಗೆ, ಹಗಲಲ್ಲೂ ದೀಪ ಹಾಕಿಕೊಳ್ಳಬೇಕಾದ ಕಡೆ, ಮಾರುವ ಮಾಲಿನ ಗಾಜಿನ ಕಪಾಟು ಮತ್ತು ಗಲ್ಲಾಪೆಟ್ಟಿಗೆ. ಅದರ ಹಿಂದೆ ಕೂರುತ್ತಿದ್ದವಳು ಅತ್ತಿಗೆಯ ಗಂಡನ ತಂಗಿ, ನಾದಿನಿ. ಹೀಗಾಗಿ ಬೀದಿಯಲ್ಲಿ ಹೋಗುವವರಿಗೆ ಹೊಸ ಕ್ಯಾಮೆರಾ ಒಂದೂ ಕಾಣುತ್ತಿರಲಿಲ್ಲ; ಬಿಚ್ಚಿ ಹರಡಿದ ಹಳೆಯ ಲೆನ್ಸುಗಳ ಕರುಳು, ಅದರ ಮೇಲೆ ಬಾಗಿದ ಅತ್ತಿಗೆಯ ತಲೆ, ಇಷ್ಟೇ. ಊಟಕ್ಕೆ ಕರೆದು ಎಂಜಲು ತಟ್ಟೆ ತೋರಿಸಿದ ಹಾಗಿದೆ ನಮ್ಮ ಅಂಗಡಿ ಎಂದು ನಾದಿನಿ ಬಂದವರೆದುರು ಹೇಳುತ್ತಿದ್ದಳು. ಅತ್ತಿಗೆಗೆ ಕೇಳಲಿ ಎಂದೇ ಹೇಳುತ್ತಿದ್ದಳು.

ನೇರವಾಗಿ ಮಾತ್ರ ಹೇಳುತ್ತಿರಲಿಲ್ಲ. ನಾದಿನಿಯ ಬಾಯಲ್ಲಿ ಅತ್ತಿಗೆ ‘ಕಿಟಕಿಯವರು’ ಆಗಿದ್ದಳು, ಅತ್ತಿಗೆಯ ಬಾಯಲ್ಲಿ ನಾದಿನಿ ‘ಗಲ್ಲಾದವಳು’. ಏನೇ ಇದ್ದರೂ ಗಿರಾಕಿಯ ಮೂಲಕವೇ. ಸ್ವಲ್ಪ ಕಿಟಕಿಯವರನ್ನು ಕೇಳಿ, ಸೋಮವಾರ ಬಂದ ಕ್ಯಾಮೆರಾ ಇನ್ನೂ ಆಗಿಲ್ಲವೇ ಅಂತ. ಗಲ್ಲಾದವಳಿಗೆ ಹೇಳಿ, ಬಿಡಿಭಾಗ ತರಿಸಿದರೆ ಆಗುತ್ತೆ. ಫೋಟೋ ಕಾಗದ ಕೊಳ್ಳಲು ಬಂದ ಪಾಪದವನು ಹನ್ನೆರಡು ಹೆಜ್ಜೆಯ ನಡುವೆ ನಿಂತು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತ, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬಂತೆ ಬೆವರುತ್ತಿದ್ದ.

ಇಬ್ಬರ ನಡುವೆ ನಿಲ್ಲಬೇಕಾಗಿದ್ದ ಮನುಷ್ಯ ಬಸ್ಸು ಓಡಿಸುತ್ತಿದ್ದ. ಅತ್ತಿಗೆಯ ಗಂಡ, ನಾದಿನಿಯ ಅಣ್ಣ. ಅವನ ಬಸ್ಸಿನಲ್ಲಿ ತಲೆಯ ಮೇಲೆ ‘ಚಾಲಕರೊಂದಿಗೆ ಮಾತನಾಡಬಾರದು’ ಎಂಬ ಫಲಕ ಇತ್ತು. ಅವನು ಆ ಫಲಕವನ್ನು ಮನೆಗೂ ಹೊತ್ತು ತರುತ್ತಿದ್ದ. ಹೆಂಡತಿ ತಂಗಿಯ ಮೇಲೆ ದೂರು ಹೇಳಿದರೆ ಅನ್ನ ಕಲಸುತ್ತ ಹೂಂ ಎನ್ನುತ್ತಿದ್ದ, ತಂಗಿ ಹೆಂಡತಿಯ ಮೇಲೆ ದೂರು ಹೇಳಿದರೆ ಫೋನು ಕಿವಿಗಿಟ್ಟುಕೊಂಡು ಹೂಂ ಎನ್ನುತ್ತಿದ್ದ. ಎರಡೂ ಹೂಂಗಳ ತೂಕ ಒಂದೇ.

ಇದಕ್ಕೆಲ್ಲ ಮೂಲ ಅತ್ತಿಗೆಯ ಮಾವ, ನಾದಿನಿಯ ಅಪ್ಪ. ಲೆನ್ಸು ಬಿಚ್ಚುವುದರಲ್ಲಿ ಆ ಬೀದಿಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಮಗನಿಗೆ ಸೂಕ್ಷ್ಮದ ಕೆಲಸ ಒಗ್ಗಲಿಲ್ಲ. ಮಗಳಿಗೆ ಒಗ್ಗುತ್ತಿತ್ತು, ಐದನೆಯ ವಯಸ್ಸಿನಿಂದಲೇ ಅಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ನೆಲಕ್ಕೆ ಬಿದ್ದ ಎಳ್ಳಿನಷ್ಟು ಸ್ಕ್ರೂಗಳನ್ನು ಅಯಸ್ಕಾಂತದಿಂದ ಆರಿಸಿ ಕೊಡುತ್ತಿದ್ದಳು. ಆದರೆ ಅವಳ ಅಂಗೈ ಬೆವರುತ್ತಿತ್ತು. ಬೆವರಿನ ಬೆರಳು ತಗಲಿದರೆ ಗಾಜಿನ ಮೇಲಿನ ಲೇಪ ಹಾಳಾಗುತ್ತದೆ. ಹದಿನೈದಕ್ಕೆ ಅಪ್ಪ ಅವಳನ್ನು ಸ್ಟೂಲಿನಿಂದ ಎಬ್ಬಿಸಿ ಗಲ್ಲಾದಲ್ಲಿ ಕೂರಿಸಿದರು. ಅದೇ ವರ್ಷ ಮನೆಗೆ ಬಂದ ಸೊಸೆ ಒಂದು ಮಧ್ಯಾಹ್ನ ಗಂಟುಬಿದ್ದ ಕತ್ತಿನ ಸರವನ್ನು ಎರಡು ಸೂಜಿ ಹಿಡಿದು ಬಿಡಿಸುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಒಣಗಿದ ಕೈ, ಅಲುಗದ ಕೈ. ಮರುದಿನವೇ ಮಗಳ ಸ್ಟೂಲಿನ ಮೇಲೆ ಸೊಸೆ ಕೂತಳು.

ಅದರಲ್ಲಿ ಅತ್ತಿಗೆಯ ತಪ್ಪೇನೂ ಇರಲಿಲ್ಲ. ಆದರೆ ತಪ್ಪು ಮಾಡದವರ ಮೇಲೆ ಹುಟ್ಟಿದ ಸಿಟ್ಟು ಬಹಳ ಬಾಳಿಕೆ ಬರುತ್ತದೆ, ಯಾಕೆಂದರೆ ಅವರು ಕ್ಷಮೆ ಕೇಳುವ ಪ್ರಶ್ನೆಯೇ ಇರುವುದಿಲ್ಲ. ನಾದಿನಿ ಅಂದಿನಿಂದ ಕೈಯಲ್ಲೊಂದು ಕರವಸ್ತ್ರ ಹಿಡಿದೇ ಇರುತ್ತಿದ್ದಳು. ಹದಿನೆಂಟು ವರ್ಷ.

ಮಾವ ಸಾಯುವಾಗ ಅಂಗಡಿಯನ್ನು ಮಗಳ ಹೆಸರಿಗೆ ಕಾಗದದಲ್ಲಿ ಬರೆದರು. ಮೇಜಿನ ವಿಚಾರ ಕಾಗದಕ್ಕೆ ಬರಲಿಲ್ಲ, ಬಾಯಲ್ಲಿ ಹೇಳಿದರು: ಸೊಸೆಯ ಕೈ ನಡುಗುವವರೆಗೂ ಕಿಟಕಿ ಅವಳದು. ಕೇಳಿಸಿಕೊಂಡವರು ಮಗ, ಮಗಳು, ಸೊಸೆ. ಮಗ ಹೂಂ ಅಂದ. ಮಗಳು ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ, ಮೂರು ವರ್ಷ.

ಹಾಗಿರುವಾಗ ಆ ಪುಟ್ಟ ಲೆನ್ಸುಗಳು ಬಂದವು.

ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟವು. ಮೈಯೆಲ್ಲ ಲೋಹ, ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು, ಉಂಗುರದ ಮೇಲೆ ದೂರದ ಅಂಕಿಗಳನ್ನು ಕೊರೆದು ಬಣ್ಣ ತುಂಬಿದ್ದರು, ಅವುಗಳೆದುರು ಮೈಮೇಲೆ ಒಂದು ಕೆಂಪು ಚುಕ್ಕೆ ಇಟ್ಟಿದ್ದರು. ಅದೇ ಕೆಲಸದ ಪ್ಲಾಸ್ಟಿಕ್ ಲೆನ್ಸಿಗೆ ಎಷ್ಟೋ ಅದರ ದುಪ್ಪಟ್ಟು ಬೆಲೆ. ನಾದಿನಿ ಅವನ್ನು ಮಗುವಿನ ಹಾಗೆ ಕರವಸ್ತ್ರದಲ್ಲಿ ಎತ್ತಿಕೊಂಡು ತೋರಿಸುತ್ತಿದ್ದಳು. ಇಂಥ ಮಾಲು ಬೆಳಕಲ್ಲಿರಬೇಕು, ಬೀದಿಗೆ ಕಾಣಬೇಕು, ಕಿಟಕಿಗೆ ಒಂದು ಗಾಜಿನ ಶೆಲ್ಫು ಹಾಕಿಸಿದರೆ ತಾನೇ ಮಾರಿಕೊಳ್ಳುತ್ತೆ ಎಂದು ಎಲ್ಲರೆದುರೂ ಶುರುಮಾಡಿದಳು. ರಿಪೇರಿಗೆ ಹಿಂದುಗಡೆ ಮೆಟ್ಟಿಲ ಕೆಳಗೆ ಜಾಗ ಇದೆಯಲ್ಲ, ಟ್ಯೂಬ್‌ಲೈಟ್ ಹಾಕಿದರಾಯಿತು.

ಅತ್ತಿಗೆಗೆ ಆ ಲೆನ್ಸುಗಳನ್ನು ಕಂಡರೆ ಮೈಯುರಿ. ಲೆನ್ಸಿನ ಮೇಲಿನ ಸಿಟ್ಟು ಯಾವುದು, ನಾದಿನಿಯ ಮೇಲಿನ ಸಿಟ್ಟು ಯಾವುದು ಎಂದು ಬೇರೆ ಮಾಡಿ ನೋಡುವ ತಾಳ್ಮೆ ಅವಳಿಗಿರಲಿಲ್ಲ. ಎರಡು ವರ್ಷದ ಹಿಂದೆ ಬೇರೆ ಯಾರೋ ಮಾಡಿದ ಇಂಥದ್ದೇ ಒಂದು ಲೋಹದ ಲೆನ್ಸು ರಿಪೇರಿಗೆ ಬಂದಿತ್ತು. ಬಿಚ್ಚಿದರೆ ಮೇಲೊಂದು ತೆಳು ಲೋಹದ ಅಂಗಿ, ಒಳಗೆಲ್ಲ ಪ್ಲಾಸ್ಟಿಕ್. ಮೇಲೆ ಥಳಕು, ಒಳಗೆ ಹುಳುಕು. ಅಂದಿನಿಂದ ಅವಳ ತೀರ್ಪು ಬರೆದಿಟ್ಟಂತೆ ಇತ್ತು. ಯಾರಾದರೂ ಪುಟ್ಟ ಲೆನ್ಸು ಕೈಗೆತ್ತಿಕೊಂಡು ಕಿಟಕಿಯ ಕಡೆ ಬಂದು ಅಭಿಪ್ರಾಯ ಕೇಳಿದರೆ, ತಲೆ ಎತ್ತದೆ, “ಬೆಳ್ಳಿ ಲೋಟದಲ್ಲಿ ಕುಡಿದ್ರೆ ಬಾಯಾರಿಕೆ ಬೇಗ ತೀರುತ್ತಾ?” ಎನ್ನುತ್ತಿದ್ದಳು. ಫೋಟೋ ಎರಡರಲ್ಲೂ ಒಂದೇ ಬರುತ್ತೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಅನ್ನುವವರು ತಗೊಳ್ಳಲಿ. ಹಾಗೆ ವಾಪಸ್ಸು ಹೋದವರು ಪ್ಲಾಸ್ಟಿಕ್ಕನ್ನೇ ಕೊಂಡರು. ಕೆಲವರು ಆರು ತಿಂಗಳಿಗೆ ಅದನ್ನು ರಿಪೇರಿಗೆ ತಂದರು. ಇದನ್ನು ಅತ್ತಿಗೆ ಗಮನಿಸಿದ್ದಳು. ಗಮನಿಸಿದ್ದೇನೆ ಎಂದು ತನಗೇ ಹೇಳಿಕೊಂಡಿರಲಿಲ್ಲ, ಅಷ್ಟೇ.

ಆ ಗಿರಾಕಿಗಳಲ್ಲಿ ಒಬ್ಬಳು ಸೇತುವೆಯವಳು. ದೊಡ್ಡ ಸೇತುವೆಗಳ ಅಡಿಗೆ ಹಗ್ಗದಲ್ಲಿ ಇಳಿದು, ನೇತಾಡುತ್ತ, ಕಾಂಕ್ರೀಟಿನಲ್ಲಿ ಬಿಟ್ಟ ಬಿರುಕುಗಳ ಫೋಟೋ ತೆಗೆಯುವುದು ಅವಳ ಕೆಲಸ. ಬೆರಳ ಗೆಣ್ಣುಗಳು ಸದಾ ತರಚಿರುತ್ತಿದ್ದವು. ಅವಳ ಪ್ಲಾಸ್ಟಿಕ್ ಲೆನ್ಸು ಒಂದೇ ವರ್ಷದಲ್ಲಿ ಮೂರು ಸಲ ಕಿಟಕಿಗೆ ಬಂದಿತ್ತು. ಒಂದು ಸಲ ಫೋಕಸ್ ಮಾಡುವ ಹಲ್ಲುಚಕ್ರಕ್ಕೆ ಮರಳು ಸೇರಿತ್ತು, ಇನ್ನೊಂದು ಸಲ ಹಲ್ಲೇ ಸವೆದಿತ್ತು, ಕೊನೆಗೆ ಕ್ಯಾಮೆರಾಕ್ಕೆ ಸಿಕ್ಕಿಸುವ ಕಡೆಯೇ ಸೀಳಿತ್ತು. ಈಗ ಅವಳ ಆಫೀಸು ಹತ್ತು ಜನಕ್ಕೂ ಹೊಸ ಲೆನ್ಸು ಕೊಡಿಸುವುದಿತ್ತು. ಯಾವುದು ಎಂದು ಹೇಳಬೇಕಾದವಳು ಅವಳು.

ಇದು ಗೊತ್ತಾದ ದಿನವೇ ನಾದಿನಿ ಅಣ್ಣನಿಗೆ ಫೋನು ಮಾಡಿದಳು. ಅವನು ಮನೆಗೆ ಬಂದು, ಅಪರೂಪಕ್ಕೆ ಹೂಂ ಬಿಟ್ಟು ಬೇರೆ ಮಾತಾಡಿದ. ಸೇತುವೆಯವರು ಪುಟ್ಟ ಲೆನ್ಸು ತೆಗೆದುಕೊಂಡರೆ ಶೆಲ್ಫು ಹಾಕಿಸುತ್ತಾಳಂತೆ, ಮೇಜು ಮೆಟ್ಟಿಲ ಕೆಳಗೆ. ತೆಗೆದುಕೊಳ್ಳದಿದ್ದರೆ ಇನ್ನು ಕಿಟಕಿಯ ಸುದ್ದಿ ಎತ್ತುವುದಿಲ್ಲವಂತೆ. ಅಷ್ಟು ಹೇಳಿ ಅವನು ಕೈ ತೊಳೆಯಲು ಎದ್ದ. ಅತ್ತಿಗೆ ಆ ಕ್ಷಣದಲ್ಲೇ ನಿರ್ಧಾರ ಮಾಡಿಬಿಟ್ಟಳು. ಮೆಟ್ಟಿಲ ಕೆಳಗೆ, ಟ್ಯೂಬ್‌ಲೈಟಿನಲ್ಲಿ ಗಾಜಿನ ಮೇಲಿನ ಕೂದಲೆಳೆಯ ಗೀರು ಕಾಣುವುದಿಲ್ಲ. ಹಗಲಿನ ಬೆಳಕಿಲ್ಲದೆ ತನ್ನ ಕೆಲಸ ಇಲ್ಲ. ಆ ಲೆನ್ಸು ಸೇತುವೆಯವಳ ಕೈಗೆ ಹೋಗಕೂಡದು.

ಸೇತುವೆಯವಳು ಬಂದದ್ದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಿಟಕಿಯ ಬೆಳಕು ಮೇಜಿನ ಮೇಲೆ ಪೂರ್ತಿ ಬಿದ್ದಿದ್ದ ಸಮಯ. ನಾದಿನಿ ಎರಡು ಲೆನ್ಸುಗಳನ್ನು ಅಕ್ಕಪಕ್ಕ ಇಟ್ಟಳು, ಎರಡರಲ್ಲೂ ತೆಗೆದ ಒಂದೇ ಗೋಡೆಯ ಫೋಟೋಗಳನ್ನು ಹರಡಿದಳು. ಸೇತುವೆಯವಳು ಅವನ್ನು ಒಂದು ನೋಟ ನೋಡಿ, ಎಲ್ಲವನ್ನೂ ಬಾಚಿಕೊಂಡು ಸೀದಾ ಕಿಟಕಿಗೆ ನಡೆದಳು. ಮೂರು ಸಲ ಬಿಚ್ಚಿದ ಕೈಯನ್ನೇ ಕೇಳುತ್ತೇನೆ ಎಂದಳು.

ಅತ್ತಿಗೆ ಭೂತಗನ್ನಡಿ ಹಿಡಿದು ಫೋಟೋಗಳನ್ನು ಮೂಲೆಯಿಂದ ಮೂಲೆಗೆ ನೋಡಿದಳು. ವ್ಯತ್ಯಾಸ ಇರಲಿಲ್ಲ. ಪ್ಲಾಸ್ಟಿಕ್ಕಿನದು ಒಂದು ಕೂದಲೆಳೆಯಷ್ಟು ಮೇಲೇ ಎನ್ನಬಹುದಿತ್ತು, ಬೆಳಕನ್ನೂ ಅದೇ ಜಾಸ್ತಿ ಒಳಗೆ ಬಿಡುತ್ತಿತ್ತು. ಅವಳು ಖುಷಿಯಿಂದ ಇದನ್ನೆಲ್ಲ ಹೇಳಿದಳು. ಹೇಳುವುದು ಸುಳ್ಳಲ್ಲವಾದ್ದರಿಂದ ದನಿ ಇನ್ನೂ ಏರಿತು. ಪುಟ್ಟದಾಗಿದೆ ಎಂದು ಹೆಚ್ಚು ಕೊಡಬೇಕೇ, ಚಿಕ್ಕ ಬಟ್ಟೆಗೆ ದೊಡ್ಡ ಬೆಲೆಯೇ ಎಂದಳು. ಇವೆಲ್ಲ ಲೋಹದ ಅಂಗಿ ತೊಟ್ಟ ಪ್ಲಾಸ್ಟಿಕ್ ಎಂದಳು. ನಾನು ಒಳಗೆ ನೋಡಿದ್ದೇನೆ, ಗಲ್ಲಾದಲ್ಲಿ ಕೂತವರಿಗೆ ಡಬ್ಬದ ಮೇಲಿನ ಬರಹ ಬಿಟ್ಟರೆ ಇನ್ನೇನು ಗೊತ್ತು ಎಂದಳು.

ಕಪಾಟಿನ ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ಕಿಟಕಿಯವರಿಗೆ ಹೇಳಿ,” ಎಂದಳು ನಾದಿನಿ, ಸೇತುವೆಯವಳಿಗೆ. “ಬಾಯಲ್ಲಿ ಅಲ್ಲ, ಬಿಚ್ಚಿ ತೋರಿಸ್ಲಿ. ಒಳಗೆ ಪ್ಲಾಸ್ಟಿಕ್ ಇದ್ರೆ ಆ ಲೆನ್ಸು ಹಾಳಾದ್ರೂ ಚಿಂತೆಯಿಲ್ಲ, ಕಿಟಕಿ ಅವರದೇ. ಇಲ್ಲದಿದ್ದು ನೀವು ತಗೊಂಡ್ರೆ ನಾಳೆ ಬಡಗಿ ಬರ್ತಾನೆ.”

ಸೇತುವೆಯವಳು ಇದನ್ನು ಮತ್ತೆ ಹೇಳುವ ಗೋಜಿಗೆ ಹೋಗಲಿಲ್ಲ. ಅತ್ತಿಗೆ ಆಗಲೇ ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದಳು.

ಮಾವ ಕಲಿಸಿದ ಮೊದಲ ಪಾಠ ಒಂದಿತ್ತು. ಕೈಯಲ್ಲಿ ತಿರುಗಿಸುವ ಲೆನ್ಸಿನೊಳಗೆ ಒಂದರೊಳಗೊಂದು ಸುತ್ತಿ ಇಳಿಯುವ ಎರಡು ಉಂಗುರಗಳಿರುತ್ತವೆ. ಬಿಚ್ಚುವಾಗ ಸುತ್ತುತ್ತ ಸುತ್ತುತ್ತ ಒಂದು ಜಾಗದಲ್ಲಿ ಎರಡೂ ಕಳಚಿಕೊಳ್ಳುತ್ತವೆ. ಮತ್ತೆ ಕೂಡಿಸುವಾಗ ಅದೇ ಜಾಗದಿಂದಲೇ ಕೂಡಿಸಬೇಕು. ಒಳಗೆ ಹೋಗಲು ಆರು ದಾರಿಗಳಿದ್ದರೆ ಐದು ತಪ್ಪು, ಒಂದು ಸರಿ. ತಪ್ಪು ದಾರಿಯಲ್ಲಿ ಹೋದರೂ ಉಂಗುರ ತಿರುಗುತ್ತದೆ, ಲೆನ್ಸು ಚೆನ್ನಾಗಿಯೇ ಕಾಣುತ್ತದೆ, ಆದರೆ ದೂರದ್ದು ಯಾವುದೂ ಎಂದಿಗೂ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಕೊನೆಯ ಸುತ್ತಿಗೆ ಮುಂಚೆ ಕೈ ನಿಲ್ಲಿಸು, ಸೂಜಿ ತಗೊ, ಎರಡೂ ಉಂಗುರಕ್ಕೆ ಸೇರಿಸಿ ಒಂದು ಗೀರು ಹಾಕು, ಆಮೇಲೆ ಕಳಚು. ಗೀರು ಹಾಕದೆ ಬಿಚ್ಚಿದವನು ಮನೆಯ ದಾರಿ ಮರೆತು ಹೊರಟವನು ಎನ್ನುತ್ತಿದ್ದರು ಮಾವ. ಹದಿನೆಂಟು ವರ್ಷದಲ್ಲಿ ಅತ್ತಿಗೆ ಒಂದು ಸಲವೂ ಮರೆತಿರಲಿಲ್ಲ. ಅಪ್ಪಿತಪ್ಪಿ ಮರೆತ ಬೇರೆ ಅಂಗಡಿಯವರು ಕೂಡಿಸಲಾಗದೆ ಅವಳಲ್ಲಿಗೆ ತಂದಾಗ, ಮುಖಕ್ಕೆ ಹೊಡೆದಂತೆ ಬೈದು ಕಳಿಸಿದ್ದಳು.

ಹಿಂಬದಿಯ ನಾಲ್ಕು ಸ್ಕ್ರೂ ತೆಗೆದಳು. ಸ್ಟೀಲು, ಒಂದೊಂದೂ ಗಟ್ಟಿಯಾಗಿ ಕೂತಿತ್ತು. ಕ್ಯಾಮೆರಾಕ್ಕೆ ಸೇರುವ ಜಾಗದಲ್ಲಿ ದೂಳು ತಡೆಯಲು ತೆಳ್ಳಗಿನ ರಬ್ಬರಿನ ಬಳೆ ಇತ್ತು. ಇರಲಿ, ಒಳಗೆ ನೋಡೋಣ ಎಂದಳು. ತಿರುಗುವುದಕ್ಕೆ ಮಿತಿ ಹಾಕುವ ಸ್ಕ್ರೂ ಬಿಚ್ಚಿದಳು. ಪ್ಲಾಸ್ಟಿಕ್ ಕಾಣಲಿಲ್ಲ. ಇನ್ನೂ ಒಳಗಿರಬೇಕು. ಬೆನ್ನಿಗೆ ನಾದಿನಿಯ ಕಣ್ಣು ನೆಟ್ಟಿರುವುದು ಅವಳಿಗೆ ಗೊತ್ತಿತ್ತು; ಈಗ ತೋರಿಸುತ್ತೇನೆ, ಈಗ ತೋರಿಸುತ್ತೇನೆ ಎನ್ನುತ್ತ ಉಂಗುರವನ್ನು ಸುತ್ತಿದಳು, ಇನ್ನೊಂದು ಸುತ್ತು ಸುತ್ತಿದಳು, ಎರಡೂ ಕೈಗೆ ಬಂದವು.

ಹಿತ್ತಾಳೆ. ಒಂದು ಉಂಗುರ ಪೂರ್ತಿ ಹಿತ್ತಾಳೆ, ಇನ್ನೊಂದು ಗಟ್ಟಿ ಅಲ್ಯೂಮಿನಿಯಂ. ಕಡೆದ ಸುತ್ತುಗಳು ಒಂದರ ಪಕ್ಕ ಒಂದು ಬಾಚಣಿಗೆಯ ಹಲ್ಲಿನ ಹಾಗೆ ಕೂತಿದ್ದವು, ತೆಳುವಾಗಿ, ಎಷ್ಟು ಬೇಕೋ ಅಷ್ಟೇ ಗ್ರೀಸು. ಗಾಜುಗಳನ್ನು ಹಿಡಿದ ತೊಟ್ಟಿಲೂ ಲೋಹ. ಅತ್ತಿಗೆ ಚಿಮುಟದ ತುದಿಯಿಂದ ಅಲ್ಲಿ ಇಲ್ಲಿ ತಟ್ಟಿ ನೋಡಿದಳು. ಎಲ್ಲ ಕಡೆಯೂ ಟಿಣ್ ಎಂದಿತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವಳು ನೋಡಿದ್ದು ಮಾವನ ಕಾಲದ ಲೆನ್ಸುಗಳಲ್ಲಿ ಮಾತ್ರ, ಅದೂ ಎಲ್ಲದರಲ್ಲಿ ಅಲ್ಲ. ಸಿಟ್ಟಿನ ನಡುವೆಯೂ ಅವಳ ಬೆರಳು ಆ ಹಿತ್ತಾಳೆಯನ್ನು ಒಮ್ಮೆ ಸವರಿತು.

ಆಗ ಅವಳಿಗೆ ಮಾವನ ಮೊದಲ ಪಾಠ ನೆನಪಾಯಿತು. ಸೂಜಿ ಡಬ್ಬಿಯಲ್ಲೇ ಇತ್ತು. ಉಂಗುರಗಳ ಮೇಲೆ ಗೀರು ಇರಲಿಲ್ಲ.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ. ಸೇತುವೆಯವಳು ಬಗ್ಗಿ ನೋಡುತ್ತ, ಪ್ಲಾಸ್ಟಿಕ್ ಎಲ್ಲಿದೆ ಎಂದು ಕೇಳಿದಳು. ಇಲ್ಲ ಎಂದಳು ಅತ್ತಿಗೆ. ಹಾಗಾದರೆ ಕೂಡಿಸಿ, ಹಾಕಿ ನೋಡುತ್ತೇನೆ ಎಂದಳು ಅವಳು. ಒಂದು ನಿಮಿಷ ಎಂದಳು ಅತ್ತಿಗೆ.

ಮೊದಲನೆಯ ದಾರಿಯಲ್ಲಿ ಕೂಡಿಸಿದಳು. ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ, ಕಿಟಕಿಯಿಂದ ದೂರದ ನೀರಿನ ಟ್ಯಾಂಕಿನ ಕಡೆ ತಿರುಗಿಸಿದಳು. ಆ ಟ್ಯಾಂಕಿನ ಕಬ್ಬಿಣದ ಏಣಿ ಮಾವನ ಅಳತೆಗೋಲು. ಅದರ ಮೆಟ್ಟಿಲುಗಳು ಒಂದೊಂದಾಗಿ ಎಣಿಸಲು ಸಿಕ್ಕರೆ ಲೆನ್ಸು ಸರಿ. ಏಣಿ ಮಸುಕಾಗಿ ಒಂದೇ ಗೆರೆಯಂತೆ ಕಂಡಿತು. ಬಿಚ್ಚಿದಳು. ಎರಡನೆಯ ದಾರಿ. ಗೆರೆ ಇನ್ನೂ ದಪ್ಪಗಾಯಿತು. ಮೂರನೆಯದರಲ್ಲಿ ಏಣಿಯೇ ಇರಲಿಲ್ಲ. ಪ್ರತಿ ಸಲವೂ ನಾಲ್ಕು ಸ್ಕ್ರೂ ಹಾಕಬೇಕು, ನಾಲ್ಕು ಸ್ಕ್ರೂ ಬಿಚ್ಚಬೇಕು. ಸೇತುವೆಯವಳು ಗಡಿಯಾರ ನೋಡಿಕೊಂಡಳು. ನಾಲ್ಕನೆಯ ಸಲ ಹಿತ್ತಾಳೆ ಓರೆಯಾಗಿ ಕಚ್ಚಿ ಕಿರ್ ಎಂದಿತು. ಇನ್ನು ಒಂದಿಷ್ಟು ಒತ್ತಿದರೆ ಆ ಸುತ್ತುಗಳು ಶಾಶ್ವತವಾಗಿ ಹಾಳು. ಅತ್ತಿಗೆ ಕೈ ತೆಗೆದು, ಮತ್ತೆ ಹಿಡಿಯಲು ಹೋದಳು. ಕೈ ನಡುಗಿತು.

ಸ್ವಲ್ಪವೇ ನಡುಗಿದ್ದು. ಸೇತುವೆಯವಳ ಕಣ್ಣಿಗೆ ಅದು ಬೀಳಲಿಲ್ಲ. ಆದರೆ ಹನ್ನೆರಡು ಹೆಜ್ಜೆ ಆಚೆ ಕೂತವಳಿಗೆ ಬಿತ್ತು ಎಂದು ಅತ್ತಿಗೆಗೆ ತಲೆ ಎತ್ತದೆಯೇ ಗೊತ್ತಾಯಿತು. ಮಾವ ಸಾಯುವಾಗ ಹೇಳಿದ ಮಾತನ್ನು ಈಗ ಆ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೇ ನೆನೆಸಿಕೊಂಡರು.

ನಾದಿನಿ ಎದ್ದು ಬಂದಳು. ಮೇಜಿನ ಬಳಿ ಅವಳು ಬಂದು ಮೂರು ವರ್ಷವಾಗಿತ್ತು. ಕರವಸ್ತ್ರದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು, ಚಿಕ್ಕವಳಿದ್ದಾಗ ಅಪ್ಪ ಹಾಗೆ ನಿಲ್ಲಿಸುತ್ತಿದ್ದರು, ಏನನ್ನೂ ಮುಟ್ಟದಿರಲಿ ಎಂದು.

“ಅತ್ತಿಗೆ,” ಎಂದಳು. “ಕೆಂಪು ಚುಕ್ಕೆ ಎರಡನ್ನ ದಾಟಿ, ಮೂರಕ್ಕೆ ಇನ್ನೂ ಸ್ವಲ್ಪ ಇದೆ ಅನ್ನುವಾಗ ಕಳಚಿದ್ದು.”

ಅತ್ತಿಗೆ ಉಂಗುರದ ಮೇಲೆ ಕೊರೆದ ಅಂಕಿಗಳನ್ನು ನೋಡಿದಳು. ಎರಡರ ಆಚೆ, ಮೂರರ ಈಚೆ ಕೆಂಪು ಚುಕ್ಕೆಯನ್ನು ತಂದು ನಿಲ್ಲಿಸಿ ಒತ್ತದೆ ತಿರುಗಿಸಿದಳು. ಹಿತ್ತಾಳೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಸ್ಕ್ರೂ ಹಾಕಿ, ಕ್ಯಾಮೆರಾಕ್ಕೆ ಸಿಕ್ಕಿಸಿ, ಟ್ಯಾಂಕಿನ ಕಡೆ ತಿರುಗಿಸಿದಳು. ಏಣಿಯ ಮೆಟ್ಟಿಲುಗಳು ಒಂದೊಂದಾಗಿ ನಿಂತಿದ್ದವು. ಮೇಲಿನಿಂದ ಮೂರನೆಯದು ಸ್ವಲ್ಪ ಬಾಗಿದ್ದದ್ದೂ ಕಂಡಿತು.

ಅವಳಿಗೆ ಸಮಾಧಾನ ಆಗಬೇಕಿತ್ತು. ಆದದ್ದು ಸಿಟ್ಟು, ಈವರೆಗಿನದಕ್ಕಿಂತ ದೊಡ್ಡ ಸಿಟ್ಟು.

“ಮೊದಲೇ ಗೊತ್ತಿತ್ತಾ ನಿನಗೆ?”

“ಕಳಚಿದ ಕ್ಷಣಾನೇ ಗೊತ್ತಿತ್ತು. ಆ ಉಂಗುರ ದಿನಾ ತಿರುಗಿಸ್ತೀನಿ, ನಿಮ್ಮ ಮೊಣಕೈ ಎಲ್ಲಿ ನಿಲ್ತು ಅಂತ ನೋಡಿದ್ರೆ ಸಾಕು.”

“ಗೊತ್ತಿದ್ದೂ ನಾನು ನಾಲ್ಕು ಸಲ ತಪ್ಪೋದನ್ನ ನೋಡ್ತಾ ಕೂತಿದ್ದೆ.”

“ನಾನು ಹದಿನೆಂಟು ವರ್ಷ ನೋಡ್ತಾ ಕೂತಿದ್ದೀನಿ,” ಎಂದಳು ನಾದಿನಿ. “ನಿಮಗೆ ಅರ್ಧ ಗಂಟೆ ಆಯ್ತು ಅಷ್ಟೆ.”

ಅತ್ತಿಗೆಗೆ ಹೊಳೆದದ್ದು ಒಂದೇ ವಿಷಯ: ಮಾವ ಬೆವರುವ ಕೈ ನೋಡಿದರು, ಅದರ ಮೇಲಿದ್ದ ಕಣ್ಣು ನೋಡಲಿಲ್ಲ. ಒಂದು ಜೊತೆ ಹತ್ತಿಯ ಕೈಗವಸು ಹಾಕಿಸಿದ್ದರೆ ಮುಗಿದುಹೋಗುತ್ತಿತ್ತು. ಈಗ ಕೆಲಸ ಕಲಿಯಲು ಬರುವ ಎಲ್ಲರೂ ಅದನ್ನೇ ಹಾಕಿಕೊಳ್ಳುತ್ತಾರೆ.

ಸೇತುವೆಯವಳಿಗೆ ಇವರ ಮನೆಯ ಪುರಾಣ ಬೇಕಾಗಿರಲಿಲ್ಲ. ಲೆನ್ಸನ್ನು ಕೈಗೆ ತೆಗೆದುಕೊಂಡು, ಉಂಗುರವನ್ನು ಹೆಬ್ಬೆರಳಲ್ಲಿ ಆ ಕಡೆ ಈ ಕಡೆ ತಿರುಗಿಸುತ್ತ, ಇದಕ್ಕೆ ಹೆಚ್ಚು ಕೊಡಬಹುದೋ ಬೇಡವೋ, ಒಂದೇ ಮಾತಲ್ಲಿ ಹೇಳಿ ಎಂದು ಅತ್ತಿಗೆಯನ್ನು ಕೇಳಿದಳು.

ಬೇಡ ಎನ್ನಬಹುದಿತ್ತು. ಫೋಟೋಗಳು ಇನ್ನೂ ಮೇಜಿನ ಮೇಲೇ ಇದ್ದವು, ಎರಡೂ ಒಂದೇ ಥರ. ಪ್ಲಾಸ್ಟಿಕ್ ಇಲ್ಲವೆಂದ ಮಾತ್ರಕ್ಕೆ ಕೊಳ್ಳಲೇಬೇಕೆಂದೇನಿಲ್ಲ, ಬೆಳಕು ಕಡಿಮೆ, ಫೋಕಸ್ ಕೈಯಲ್ಲೇ ಮಾಡಬೇಕು, ಸುಮ್ಮನೆ ಯಾಕೆ ಎಂದರೆ ಸೇತುವೆಯವಳು ನಂಬಿ ಹೋಗುತ್ತಿದ್ದಳು. ಕಿಟಕಿ ಉಳಿಯುತ್ತಿತ್ತು. ನಾದಿನಿಯೂ ಅದನ್ನೇ ನಿರೀಕ್ಷಿಸಿ ನಿಂತಿದ್ದಳು, ತುಟಿಯ ಒಂದು ಕೊನೆ ಆಗಲೇ ಸೊಟ್ಟಗಾಗಿತ್ತು. ಅತ್ತಿಗೆ ಬಾಯಿ ತೆರೆದಳು. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಿತ್ತಾಳೆಯನ್ನು ಸವರಿದ ಬೆರಳು ಇನ್ನೂ ಗ್ರೀಸಿನಿಂದ ನುಣ್ಣಗಿತ್ತು, ಆ ಬೆರಳನ್ನು ಇಟ್ಟುಕೊಂಡು ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

“ಮನೇಲಿ ಮಕ್ಕಳ ಫೋಟೋ ತೆಗೆಯೋರಿಗಾದ್ರೆ ಬೇಡ ಅಂತಿದ್ದೆ,” ಎಂದಳು. “ನಿಮಗೆ ಬೇಕು. ಒಂದು ಕೈಯಲ್ಲಿ ಹಗ್ಗ ಹಿಡ್ಕೊಂಡಿರ್ತೀರ. ಇದು ಚಿಕ್ಕದು, ಮರಳು ಹೋಗಲ್ಲ, ಕಲ್ಲಿಗೆ ಬಡಿದ್ರೂ ಬಾಯಿ ಬಿಡಲ್ಲ. ಫೋಟೋ ಎರಡರಲ್ಲೂ ಒಂದೇ, ನಿಜ. ಆದ್ರೆ ಅದು ಆರು ತಿಂಗಳು ತೆಗೆಯುತ್ತೆ, ಇದು ಇಪ್ಪತ್ತು ವರ್ಷ ತೆಗೆಯುತ್ತೆ. ದುಡ್ಡು ಜಾಸ್ತಿ ಆದ್ರೂ ಕೊಡಿ. ಹತ್ತೂ ತಗೊಳ್ಳಿ. ಇವು ನನ್ನ ಹತ್ರ ವಾಪಸ್ ಬರಲ್ಲ.”

ಸೇತುವೆಯವಳು ಅವಳನ್ನೇ ನೋಡಿದಳು. ಮುಖ ಗಂಟಿಕ್ಕಿಕೊಂಡಿತ್ತು.

“ನನ್ನದು ಮೂರು ಸಲ ಬಂದಿತ್ತಲ್ಲ ನಿಮ್ಮ ಹತ್ರ. ಆಗ ಯಾಕೆ ಇದನ್ನ ಹೇಳ್ಲಿಲ್ಲ?”

ಅತ್ತಿಗೆ ಸ್ಕ್ರೂಡ್ರೈವರುಗಳನ್ನು ಉದ್ದದ ಪ್ರಕಾರ ಜೋಡಿಸತೊಡಗಿದಳು. ಸೇತುವೆಯವಳು ಕಪಾಟಿನ ಕಡೆ ನಡೆದಳು. ಹತ್ತು ಲೆನ್ಸು ಬರೆಸಿ, ಅದೊಂದನ್ನು ಜೇಬಿಗೆ ಹಾಕಿಕೊಂಡು ಹೊರಟಳು. ಹೋಗುವಾಗ ಕಿಟಕಿಯ ಕಡೆ ತಿರುಗಲಿಲ್ಲ, ಸದಾ ತಿರುಗಿ ಕೈ ಎತ್ತುತ್ತಿದ್ದವಳು.

ನಾದಿನಿ ಗೆದ್ದಿದ್ದಳು. ಗೆದ್ದವಳಂತೆ ಕಾಣಲಿಲ್ಲ, ಸುಳ್ಳು ಹೇಳುತ್ತಾಳೆ ಎಂದು ಕಾದು ಕೂತವಳಿಗೆ ನಿಜ ಸಿಕ್ಕಿದ್ದು ಒಂದು ಬಗೆಯ ಮೋಸದಂತೆಯೇ ಆಗಿರಬೇಕು. ಆ ಸಂಜೆ ಮನೆಯಲ್ಲಿ ಅತ್ತಿಗೆ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು, ಕೈ ನಡುಗಿದ್ದನ್ನು ಬಿಟ್ಟು. ಅವನು ಹೂಂ ಅಂದ. ಆಮೇಲೆ ತಟ್ಟೆಯಿಂದ ತಲೆ ಎತ್ತದೆ, ಕೈ ನಡುಗಿತಂತಲ್ಲ ಎಂದ. ತಂಗಿ ಫೋನು ಮಾಡಿದ್ದಳು.

ಮರುದಿನ ಬೆಳಿಗ್ಗೆ ಬಡಗಿ ಬಂದ. ಗಾಜಿನ ಶೆಲ್ಫಿನ ಅಳತೆ ತೆಗೆದುಕೊಂಡು, ಮೇಜನ್ನು ತಾನೇ ಬಿಚ್ಚುತ್ತೇನೆ ಎಂದು ಮುಂದೆ ಬಂದ. ಅತ್ತಿಗೆ ಅವನನ್ನು ತಡೆದಳು. ಇದನ್ನು ಬೇರೆಯವರು ಬಿಚ್ಚುವುದು ಬೇಡ ಎಂದಳು. ಸಾಮಾನುಗಳನ್ನು ಡಬ್ಬಕ್ಕೆ ತುಂಬಿ ಮೆಟ್ಟಿಲ ಕೆಳಗೆ ಸಾಗಿಸಿದಳು. ಅಲ್ಲಿ ಟ್ಯೂಬ್‌ಲೈಟು ಮಿಣಿಮಿಣಿ ಎನ್ನುತ್ತಿತ್ತು. ಅಲ್ಲಿಂದ ತಿರುಗಿ ನೋಡಿದರೆ ಕಪಾಟಿನ ಮೇಲಿಂದ ಕಿಟಕಿ ಸರಿಯಾಗಿ ಕಾಣುತ್ತಿತ್ತು, ಅದರ ಬೆಳಕೂ ಕಾಣುತ್ತಿತ್ತು, ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಅವಳು ಈ ಕಡೆಯಿಂದ ಆ ಕಡೆ ನೋಡಿರಲಿಲ್ಲ.

ವಾಪಸ್ಸು ಬಂದು ಸ್ಪ್ಯಾನರ್ ಎತ್ತಿಕೊಂಡಳು. ಬೋಲ್ಟಿಗೆ ಹಾಕುವ ಮೊದಲು ನಿಂತಳು. ಸ್ಪ್ಯಾನರ್ ಕೆಳಗಿಟ್ಟು, ಸೂಜಿಯ ಡಬ್ಬಿಯನ್ನು ಹುಡುಕಿ ತಂದಳು. ದಪ್ಪನೆಯ ಸೂಜಿ ಆರಿಸಿ, ಮೇಜಿನ ಅಂಚು ಗೋಡೆಯನ್ನು ಮುಟ್ಟುವ ಜಾಗದಲ್ಲಿ, ಮರಕ್ಕೂ ಗೋಡೆಗೂ ಸೇರಿಸಿ, ಅವಸರವಿಲ್ಲದೆ ಒಂದು ಗೀರು ಎಳೆದಳು. ಕೈ ನಡುಗಲಿಲ್ಲ.

ಗೋಡೆ ಯಾಕೆ ಕೆರೆಯುತ್ತೀರಿ ಎಂದು ಬಡಗಿ ನಕ್ಕ. ಹೇಗೂ ನಾಳೆ ಬಣ್ಣ ಬಳಿಯುವುದಿದೆ, ಅದು ಮುಚ್ಚಿಹೋಗುತ್ತದೆ ಎಂದ.

“ಆ ಜಾಗಕ್ಕೆ ಬಣ್ಣ ಬೇಡ,” ಎಂದಳು ನಾದಿನಿ ಗಲ್ಲಾದಿಂದ. ಕರವಸ್ತ್ರ ಅವಳ ಮುಷ್ಟಿಯಲ್ಲಿತ್ತು. “ಗೀರು ಹಾಗೇ ಇರ್ಲಿ. ಒಳಗೆ ಕೂತವರಿಗೆ ನೋಡೋದಕ್ಕೆ ಏನಾದ್ರೂ ಬೇಕು.”

ಅತ್ತಿಗೆ ಮೊದಲನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಳು.